ಪೋಪರ ಹೊಸಕೋಟೆ

ಬೆಂಗಳೂರಿನಿಂದ ಕೋಲಾರದ ಕಡೆಗೆ ಹೊರಟರೆ ದಾರಿಯಲ್ಲಿ ಹೊಸಕೋಟೆ ಸಿಗುತ್ತದೆ. ಆ ಹೆಸರನ್ನು ಹಾಗೆಯೇ ಫ್ರೆಂಚಿಗೆ ತಿರುಗಿಸಿದರೆ ಏನಾಗುತ್ತದೆ ಗೊತ್ತೇ? ಶಾತೋನೆಫ್. ಶಾತೋ ಎಂದರೆ ಕೋಟೆ, ನೆಫ್ ಎಂದರೆ ಹೊಸದು. ನಮ್ಮಲ್ಲಿ ಹೊಸೂರು, ಹೊಸಹಳ್ಳಿ, ಹೊಸಪೇಟೆ ಇದ್ದ ಹಾಗೆ ಫ್ರಾನ್ಸಿನ ತುಂಬ ಶಾತೋನೆಫ್‌ಗಳಿವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ‘ದ್ಯು ಪಾಪ್’, ಅಂದರೆ ‘ಪೋಪರ’ ಎಂಬ ಬಾಲ ಸೇರಿದೆ. ಶಾತೋನೆಫ್ ದ್ಯು ಪಾಪ್. ಪೋಪರ ಹೊಸಕೋಟೆ. ಎರಡು ಸಾವಿರದಷ್ಟು ಜನವಿರುವ ಈ ಹಳ್ಳಿಯ ಹೆಸರು ಜಗತ್ತಿನ ದೊಡ್ಡ ದೊಡ್ಡ ಹೋಟೆಲುಗಳ ವೈನ್ ಪಟ್ಟಿಯಲ್ಲೆಲ್ಲ ಇರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವನಲ್ಲ. ಉಡುಪಿ ಕಡೆಯ ಹುಳಿ-ಸಾರಿನ ಮನುಷ್ಯ. ಈ ಹಳ್ಳಿ ನನಗೆ ಗಂಟುಬಿದ್ದದ್ದು ಗ್ಲಾಸಿನಿಂದಲ್ಲ, ಕಾಗದದಿಂದ. ಮುಂಬಯಿಯ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ಎಲ್‌ಸಿ ಕಾಗದಪತ್ರ ನೋಡುವುದೇ ನನ್ನ ಕೆಲಸವಾಗಿತ್ತು. ಇನ್ವಾಯ್ಸ್, ಬಿಲ್ ಆಫ್ ಲೇಡಿಂಗ್, ಅದರ ಹಿಂದೆ ಸರ್ಟಿಫಿಕೇಟ್ ಆಫ್ ಆರಿಜಿನ್. ಈ ಮಾಲು ಇಂಥ ದೇಶದ್ದು ಎಂದು ಚೇಂಬರಿನವರು ಮೊಹರು ಒತ್ತಿಕೊಟ್ಟ ಚೀಟಿ. ಒಮ್ಮೆ ಒಂದು ವೈನ್ ಆಮದಿನ ಕಾಗದದಲ್ಲಿ ದೇಶದ ಹೆಸರಿನ ಜೊತೆಗೆ ಹಳ್ಳಿಯ ಹೆಸರೂ ಇತ್ತು, ಆ ಹೆಸರಿಗೇ ಒಂದು ಕಾನೂನಿನ ಉಲ್ಲೇಖವೂ ಇತ್ತು. ಯಂತ್ರಕ್ಕೆ ದೇಶ ಸಾಕು, ಬಟ್ಟೆಗೆ ದೇಶ ಸಾಕು, ಈ ಕೆಂಪು ನೀರಿಗೆ ಮಾತ್ರ ಹಳ್ಳಿ ಯಾಕೆ ಬೇಕು ಎಂದು ತಲೆಗೆ ಹುಳ ಬಿಟ್ಟುಕೊಂಡೆ. ಆ ಹುಳ ನಿವೃತ್ತಿಯ ನಂತರ ನನ್ನನ್ನು ಆ ಊರಿಗೇ ಕರೆದುಕೊಂಡು ಹೋಯಿತು. ಮಗಳು ಆಗ ಲಿಯೋನ್ ನಗರದಲ್ಲಿದ್ದಳು, ಅಲ್ಲಿಂದ ರೈಲಿನಲ್ಲಿ ಅವಿನ್ಯೋನ್ ದೂರವೇನಲ್ಲ.

ವೈನಿನ ಬಗ್ಗೆ ಬರೆಯುವವರು ‘ತೆರ್ವಾರ್’ ಎಂಬ ಮಾತನ್ನು ಮಂತ್ರದ ಹಾಗೆ ಹೇಳುತ್ತಾರೆ. ನೆಲ, ನೀರು, ಬಿಸಿಲು, ಗಾಳಿ, ಇಳಿಜಾರು, ಅಲ್ಲಿಯ ಜನರ ಕೈಗುಣ ಎಲ್ಲ ಸೇರಿದ್ದು ತೆರ್ವಾರ್. ನಮ್ಮ ಅಜ್ಜಿಯಂದಿರು ಹೇಳುವ ‘ಮಣ್ಣಿನ ಗುಣ’ ಇದಕ್ಕೆ ಹತ್ತಿರದ್ದು. ಮಟ್ಟು ಗುಳ್ಳದ ಬೀಜ ತಂದು ಬೇರೆ ಕಡೆ ಹಾಕಿದರೆ ಕಾಯಿ ಬರುತ್ತದೆ, ಗುಳ್ಳ ಬರುವುದಿಲ್ಲ ಎನ್ನುತ್ತಾರಲ್ಲ, ಆ ಮಾತು. ಫ್ರೆಂಚರ ವಾದವೂ ಇಷ್ಟೇ. ಆದರೆ ಅವರು ಅದನ್ನು ಅಜ್ಜಿಯ ಬಾಯಲ್ಲಿ ಬಿಡದೆ ಕೋರ್ಟಿಗೆ ಒಯ್ದರು. ಆ ಕೆಲಸ ಶುರುವಾದ ಕಡೆಗಳಲ್ಲಿ ಪೋಪರ ಹೊಸಕೋಟೆಯದು ಮುಖ್ಯ ಹೆಸರು.

ಮೊದಲು ಪೋಪರ ವಿಷಯ ಮುಗಿಸೋಣ. ರೋಮಿನಲ್ಲಿರಬೇಕಾದ ಪೋಪ್ ಇಲ್ಲಿಗೆ ಯಾಕೆ ಬಂದರು? 1309ರಲ್ಲಿ ಐದನೆಯ ಕ್ಲೆಮೆಂಟ್ ತನ್ನ ದರಬಾರನ್ನು ಅವಿನ್ಯೋನಿಗೆ ತಂದ. ಆತ ಮೊದಲು ಬೋರ್ಡೋದ ಆರ್ಚ್‌ಬಿಷಪ್ ಆಗಿದ್ದವನು. ಇಟಲಿಯಲ್ಲಿ ಜಗಳ, ಫ್ರಾನ್ಸಿನ ರಾಜನ ಒತ್ತಡ, ಎರಡೂ ಕಾರಣ. ತಾತ್ಕಾಲಿಕ ಎಂದು ಬಂದದ್ದು 1377ರವರೆಗೆ ನಡೆಯಿತು, ಒಟ್ಟು ಏಳು ಪೋಪರು. (ಐದು ವರ್ಷಕ್ಕೆಂದು ಮುಂಬಯಿಗೆ ಬಂದ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ!) ಎರಡನೆಯವನಾದ ಇಪ್ಪತ್ತೆರಡನೆಯ ಜಾನ್ ಅವಿನ್ಯೋನಿನ ಉತ್ತರಕ್ಕೆ ರೋನ್ ನದಿಯ ಎಡದಂಡೆಯ ಗುಡ್ಡದ ಮೇಲೆ ಬೇಸಗೆಗೆಂದು ಒಂದು ಕೋಟೆ ಕಟ್ಟಿಸಿದ. ಕೆಲಸ 1317ರಲ್ಲಿ ಶುರುವಾಗಿ 1333ಕ್ಕೆ ಮುಗಿಯಿತು. ಆತ ಸತ್ತದ್ದು 1334ರಲ್ಲಿ. ಮನೆ ಕಟ್ಟಿಸಿ ಮುಗಿಯುವಷ್ಟರಲ್ಲಿ ಯಜಮಾನ ಹೋಗುವ ಕಥೆ ಎಲ್ಲ ಕಡೆಯೂ ಒಂದೇ.

ಹಾಗಾದರೆ ‘ಹೊಸಕೋಟೆ’ ಎಂಬುದು ಈ ಕೋಟೆಯಿಂದ ಬಂದ ಹೆಸರಾ? ಅಲ್ಲ! ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ಜಾನ್ ಬರುವುದಕ್ಕೆ ಇನ್ನೂರು ವರ್ಷಗಳಿಗೂ ಮೊದಲೇ, 1094ರ ಲ್ಯಾಟಿನ್ ದಾಖಲೆಯಲ್ಲಿ ಊರಿನ ಹೆಸರು ‘ಕಾಸ್ತ್ರೊ ನೋವೊ’ ಎಂದಿದೆ. ಕೋಟೆಗೋಡೆ ಇರುವ ಹೊಸ ಊರು ಎಂದು ಅರ್ಥ. ಮುಂದೆ ಅದಕ್ಕೆ ಅಧಿಕೃತವಾಗಿ ಅಂಟಿಕೊಂಡ ಹೆಸರು ಶಾತೋನೆಫ್-ಕಾಲ್ಸೆರ್ನಿಯೇ. ಅಲ್ಲಿಯ ಸುಣ್ಣದ ಕಲ್ಲಿನ ಕಣಿಗಳಿಂದಾಗಿ ಬಂದ ಬಾಲ ಅದು. ಪೋಪರ ಹೆಸರು ಜನರ ಬಾಯಲ್ಲಿ, ವ್ಯಾಪಾರಿಗಳ ಚೀಟಿಯಲ್ಲಿ ಓಡಾಡುತ್ತಿದ್ದರೂ ಸರ್ಕಾರಿ ದಫ್ತರಿನಲ್ಲಿ ಸುಣ್ಣ ಹೋಗಿ ಪೋಪರು ಬಂದದ್ದು 1893ರಲ್ಲಿ. ಅಂದರೆ ಪೋಪರು ಅವಿನ್ಯೋನ್ ಬಿಟ್ಟು ಐನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ!

ಇನ್ನೊಂದು ತಮಾಷೆ ಇದೆ. ಪೋಪರ ದರಬಾರು ಸ್ಥಳೀಯ ತೋಟಗಳನ್ನು ಬೆಳೆಸಿದ್ದು ನಿಜ. ಆದರೆ ಅವರಿಗೆ ಬಲು ಇಷ್ಟವಾದದ್ದು ಉತ್ತರದ ಬರ್ಗಂಡಿಯ ಬೋನ್ ಎಂಬಲ್ಲಿಯ ವೈನ್. ಕಾರ್ಡಿನಲ್‌ಗಳು ರೋಮಿಗೆ ವಾಪಸಾಗಲು ಒಪ್ಪದಿರುವುದಕ್ಕೆ ಬೋನಿನ ವೈನೇ ಕಾರಣ ಎಂದು ಕವಿ ಪೆತ್ರಾರ್ಕ್ ಚುಚ್ಚಿದ್ದ. ‘ಪೋಪರ ವೈನ್’ ಎಂಬ ಬಿರುದಿನಲ್ಲಿ ಅರ್ಧ ಇತಿಹಾಸ, ಅರ್ಧ ಬೋರ್ಡು. 1869ರಲ್ಲಿ ಪುಸ್ತಕವಾಗಿ ಬಂದ ಆಲ್ಫೋನ್ಸ್ ದೋದೆಯ ಕಥೆಗಳಲ್ಲಿ ಪೋಪರ ಹೇಸರಗತ್ತೆಯದೊಂದು ಪ್ರಸಿದ್ಧ ಕಥೆಯಿದೆ. ಅದರಲ್ಲಿ ಪೋಪ್ ಬೋನಿಫಾಸ್ ಈ ಊರಿನ ತನ್ನ ಪುಟ್ಟ ದ್ರಾಕ್ಷಿತೋಟಕ್ಕೆ ಹೋಗಿ ಕೂತು ಬಿಸಿಲು ಕಾಯಿಸುತ್ತಾನೆ. ಅವಿನ್ಯೋನಿನ ಏಳು ಪೋಪರಲ್ಲಿ ಬೋನಿಫಾಸ್ ಎಂಬ ಹೆಸರಿನವನು ಒಬ್ಬನೂ ಇಲ್ಲ! ಆದರೂ ಓದಿದವರಿಗೆಲ್ಲ ಆ ತೋಟ ಕಣ್ಣಿಗೆ ಕಟ್ಟಿಬಿಟ್ಟಿತು.

ಈಗ ನೆಲಕ್ಕೆ ಬರೋಣ. ನಾವು ಹೋದದ್ದು ಅಕ್ಟೋಬರಿನಲ್ಲಿ. ಕೊಯ್ಲು ಮುಗಿದು ಬಳ್ಳಿಗಳು ಕೆಂಪು-ಹಳದಿಯಾಗಿದ್ದವು. ‘ಬಳ್ಳಿ’ ಎಂದೆನೇ, ನಾಸಿಕದ ಚಪ್ಪರ ನೋಡಿದವರು ಅದನ್ನು ಮರೆತುಬಿಡಿ. ಇಲ್ಲಿ ಆಧಾರದ ಕಂಬವಿಲ್ಲ, ತಂತಿಯಿಲ್ಲ. ಮೊಣಕಾಲೆತ್ತರದ ಗಂಟುಗಂಟಾದ ಕಾಂಡ, ಅದರ ಮೇಲೆ ಬಟ್ಟಲಿನ ಹಾಗೆ ಮೇಲಕ್ಕೆ ತೆರೆದುಕೊಂಡ ನಾಲ್ಕಾರು ಕೊಂಬೆ. ಮುದುಕರು ಕುಕ್ಕರಗಾಲಲ್ಲಿ ಸಾಲಾಗಿ ಕೂತಂತೆ ಕಾಣುತ್ತದೆ. ಹೀಗೆ ಕುಳ್ಳಗೆ ಕತ್ತರಿಸುವುದಕ್ಕೆ ಕಾರಣ ಮಿಸ್ತ್ರಾಲ್ ಎಂಬ ಗಾಳಿ. ಉತ್ತರದಿಂದ ರೋನ್ ಕಣಿವೆಯಲ್ಲಿ ನುಗ್ಗಿ ಬರುವ ಈ ಒಣ ತಣ್ಣನೆ ಗಾಳಿ ಕೆಲವು ದಿನ ಗಂಟೆಗೆ 100 ಕಿಲೋಮೀಟರ್ ಮೀರುತ್ತದೆ. ನನ್ನ ಟೋಪಿಯನ್ನು ಹಾರಿಸಿಕೊಂಡು ಹೋಯಿತು, ಮಗಳು ಎರಡು ಸಾಲು ಓಡಿ ಹಿಡಿದಳು. ಬೈಯುವ ಹಾಗಿಲ್ಲ, ಏಕೆಂದರೆ ಮಳೆ ಬಂದರೆ ಗೊಂಚಲನ್ನು ಒಣಗಿಸಿ ಬೂಷ್ಟು ಹಿಡಿಯದಂತೆ ಕಾಯುವುದು ಅದೇ ಗಾಳಿ. ಮಳೆಯಾದರೂ ಎಷ್ಟು, ವರ್ಷಕ್ಕೆಲ್ಲ ಸೇರಿ 600-700 ಮಿಲಿಮೀಟರ್. ನಮ್ಮ ಉಡುಪಿಯಲ್ಲಿ ಜುಲೈ ಒಂದೇ ತಿಂಗಳು ಅದನ್ನು ದಾಟಿಸುತ್ತದೆ.

ಎಲ್ಲರೂ ಫೋಟೋ ಹೊಡೆಯುವುದು ಮಾತ್ರ ಕಲ್ಲುಗಳನ್ನು. ಮಣ್ಣೇ ಕಾಣದ ಹಾಗೆ ಗುಂಡುಗುಂಡಾದ ಕಂದು ಕಲ್ಲುಗಳು. ಮುಷ್ಟಿ ಗಾತ್ರದವು, ತೆಂಗಿನಕಾಯಿ ಗಾತ್ರದವು, ನಮ್ಮ ಮನೆಯ ರುಬ್ಬುವ ಗುಂಡಿನಷ್ಟು ದೊಡ್ಡವು. ಮೇಲೆ ನಡೆದರೆ ಪಾದ ತಿರುಚುತ್ತದೆ. ಇಂಥ ಜಾಗದಲ್ಲಿ ನಮ್ಮವರು ಕೃಷಿ ಮಾಡು ಎಂದರೆ ‘ತಲೆ ಸರಿ ಇದೆಯಾ ಮಾರಾಯ್ರೆ’ ಎಂದು ಕೇಳುತ್ತಾರೆ. ಕ್ವಾರ್ಟ್ಸೈಟ್ ಜಾತಿಯ ಈ ಕಲ್ಲುಗಳು ಇಲ್ಲಿಯವಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಆಲ್ಪ್ಸ್ ಪರ್ವತದ ಕಡೆಯಿಂದ ರೋನ್ ನದಿ ಉರುಳಿಸಿಕೊಂಡು ಬಂದು, ಉಜ್ಜಿ ನುಣುಪು ಮಾಡಿ, ಇಲ್ಲಿ ಇಳಿಸಿ ಹೋದವು. ಆಮೇಲೆ ನದಿ ತಗ್ಗಿಗೆ ಸರಿಯಿತು, ಕಲ್ಲು ದಿಬ್ಬದ ಮೇಲೆ ಉಳಿಯಿತು. ಹಗಲು ಹೀರಿದ ಬಿಸಿಲನ್ನು ರಾತ್ರಿ ಬಿಡುತ್ತವೆ, ಅದರಿಂದ ಹಣ್ಣು ಚೆನ್ನಾಗಿ ಕಳಿಯುತ್ತದೆ ಎಂಬುದು ಪ್ರತಿಯೊಬ್ಬ ಗೈಡ್ ಹೇಳುವ ಮಾತು. ನಿಜವೇ. ಆದರೆ ಅದಕ್ಕಿಂತ ದೊಡ್ಡ ಉಪಕಾರ ಕಲ್ಲಿನ ಅಡಿಯಲ್ಲಿದೆ. ಕೆಳಗಿನ ಕೆಂಪು ಜೇಡಿಮಣ್ಣಿನ ತೇವ ಆರದಂತೆ ಮುಚ್ಚಿ ಕಾಯುವುದು ಇವೇ. ಕಲ್ಲಿನ ರುಚಿ ಬೇರಿನ ಮೂಲಕ ಹಣ್ಣಿಗೆ ಬರುತ್ತದೆ ಎಂಬ ಮಾತನ್ನು ಮಾತ್ರ ವಿಜ್ಞಾನಿಗಳು ಒಪ್ಪುವುದಿಲ್ಲ. ನೆಲ ಮಾಡುವ ಕೆಲಸ ಮುಖ್ಯವಾಗಿ ನೀರಿನದು ಮತ್ತು ಶಾಖದ್ದು.

ಅಷ್ಟಕ್ಕೂ ಊರೆಲ್ಲ ಕಲ್ಲೇ ಅಲ್ಲ. ಐದು ಪಂಚಾಯಿತಿಗಳಲ್ಲಿ ಹರಡಿದ ಸುಮಾರು 3,200 ಹೆಕ್ಟೇರಿನಲ್ಲಿ ಸುಣ್ಣದ ಚೂರಿನ ನೆಲವಿದೆ, ಮರಳಿದೆ. ಇಲ್ಲಿ ಅತಿ ಹೆಚ್ಚು ಗೌರವ ಪಡೆದ ಶಾತೋ ರಯಾಸ್ ಎಂಬ ಮನೆತನದ ತೋಟದಲ್ಲಿ ಪೋಸ್ಟ್‌ಕಾರ್ಡಿನ ಆ ಗುಂಡುಕಲ್ಲುಗಳಿಲ್ಲ, ಮರಳು! ಉತ್ತರಕ್ಕೆ ಮುಖ ಮಾಡಿದ, ಮರಗಳಿಂದ ಸುತ್ತುವರಿದ ತಂಪು ಜಾಗ. ಊರಿನ ಗುಣ ಕಲ್ಲಿನಲ್ಲಿದೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿಗೆ ಇದನ್ನು ತೋರಿಸಬೇಕು.

ಇನ್ನು ಬಳ್ಳಿಯ ಕಥೆ. ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಭಾಗ. ರೋನ್ ನದಿಯ ಆಚೆ ದಂಡೆಯಲ್ಲಿ, ಈ ಊರಿಗೆ ಎದುರಾಗಿ, ರೋಕ್‌ಮೋರ್ ಎಂಬ ಊರಿದೆ. ಅವಿನ್ಯೋನಿಗೆ ಬಂದ ಮೊದಲ ಪೋಪ್ ಐದನೆಯ ಕ್ಲೆಮೆಂಟ್ 1314ರಲ್ಲಿ ಪ್ರಾಣ ಬಿಟ್ಟದ್ದು ಅಲ್ಲಿಯೇ. ಅದೇ ಊರಿನಲ್ಲಿ 1862ರಲ್ಲಿ ಬೋರ್ತಿ ಎಂಬ ವೈನ್ ವ್ಯಾಪಾರಿಗೆ ಅಮೆರಿಕದ ಗೆಳೆಯನಿಂದ ಕೆಲವು ದ್ರಾಕ್ಷಿ ಗಿಡಗಳು ಉಡುಗೊರೆಯಾಗಿ ಬಂದವು. ಆತ ಮನೆಯ ಹಿತ್ತಲಲ್ಲಿ ನೆಟ್ಟ. ಗಿಡಗಳು ಚೆನ್ನಾಗಿ ಬಂದವು. ಸುತ್ತಮುತ್ತಲಿನ ಬಳ್ಳಿಗಳು ಮಾತ್ರ ಕಾರಣವೇ ತಿಳಿಯದೆ ಒಣಗತೊಡಗಿದವು. 1868ರ ಜುಲೈಯಲ್ಲಿ ಮೊಂಪೆಲಿಯೇಯ ಸಸ್ಯಶಾಸ್ತ್ರಿ ಪ್ಲಾಂಶೋನ್ ಮತ್ತು ಸಂಗಡಿಗರು ಇನ್ನೂ ಸಾಯದೆ ಇದ್ದ ಬಳ್ಳಿಯೊಂದನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿದಾಗ ಬೇರಿನ ತುಂಬ ಹಳದಿ ಹೇನುಗಳು. ಫಿಲಾಕ್ಸೆರಾ. ಅಲ್ಲಿಯವರೆಗೆ ಎಲ್ಲರೂ ಸತ್ತ ಬಳ್ಳಿಯನ್ನೇ ಕಿತ್ತು ನೋಡುತ್ತಿದ್ದರು, ಹೇನು ಅಷ್ಟರಲ್ಲಿ ಪಕ್ಕದ ಬಳ್ಳಿಗೆ ಹೋಗಿಬಿಟ್ಟಿರುತ್ತಿತ್ತು. ನೋಡಿ, ಬ್ಯಾಂಕಿನ ಆಡಿಟಿನಲ್ಲಿಯೂ ನಾವು ಮಾಡುತ್ತಿದ್ದದ್ದು ಇದನ್ನೇ.

ಫ್ರಾನ್ಸಿನ ದ್ರಾಕ್ಷಿಯ ಬಹುಪಾಲು ಈ ಹೇನಿಗೆ ಬಲಿಯಾಯಿತು. ಪೋಪರ ಹೊಸಕೋಟೆ ಮೊದಲು ಸತ್ತ ತೋಟಗಳ ಸಾಲಿನಲ್ಲಿತ್ತು. ಕೊನೆಗೆ ಸಿಕ್ಕಿದ ಮದ್ದು ಏನೆಂದರೆ, ಹೇನಿನ ಜೊತೆ ಬದುಕಲು ಕಲಿತಿದ್ದ ಅಮೆರಿಕದ ಬಳ್ಳಿಯ ಬೇರಿಗೆ ಫ್ರಾನ್ಸಿನ ಬಳ್ಳಿಯ ಕುಡಿಯನ್ನು ಕಸಿ ಕಟ್ಟುವುದು. ಮಾರಿ ತಂದವರೇ ಮದ್ದನ್ನೂ ತಂದರು. ಇವತ್ತಿಗೂ ಅಲ್ಲಿಯ ಬಹುತೇಕ ಬಳ್ಳಿಗಳು ಹೀಗೆಯೇ, ಮೇಲಿನದು ಊರಿನದು, ಬೇರು ಪರದೇಶದ್ದು. ಮೇಲಿನದಾದರೂ ಎಲ್ಲಿಯದು? ಇಲ್ಲಿಯ ಕೆಂಪು ವೈನಿನ ಮುಕ್ಕಾಲು ಭಾಗದಷ್ಟು ಗ್ರೆನಾಶ್ ದ್ರಾಕ್ಷಿ, ಅದು ಸ್ಪೇನಿನಿಂದ ಬಂದದ್ದು. ಕಲ್ಲು ಆಲ್ಪ್ಸಿನದು, ಬೇರು ಅಮೆರಿಕದ್ದು, ದ್ರಾಕ್ಷಿ ಸ್ಪೇನಿನದು, ಹೆಸರು ರೋಮಿನ ಗುರುವಿನದು. ಆ ತೋಟದ ಅಂಚಿನಲ್ಲಿ ನಿಂತು ಮಗಳಿಗೆ ಇದನ್ನು ಹೇಳಿದಾಗ ಅವಳು “ಹಾಗಾದರೆ ಈ ಊರಿನದು ಅಂತ ಇಲ್ಲಿ ಏನಿದೆ ಅಪ್ಪಾ?” ಎಂದಳು. ಅವಳು ಹುಟ್ಟಿದ್ದು ಡೊಂಬಿವಲಿಯಲ್ಲಿ. ನಿಮ್ಮ ಊರು ಯಾವುದು ಎಂದು ಯಾರಾದರೂ ಕೇಳಿದರೆ ಒಂದು ಕ್ಷಣ ತಡೆದು ಉತ್ತರ ಹೇಳುವ ಹುಡುಗಿ. ಹಾಗಾಗಿ ಅದು ಬರೀ ವೈನಿನ ಪ್ರಶ್ನೆ ಆಗಿರಲಿಲ್ಲ.

ಅಂದ ಹಾಗೆ, ನಮ್ಮ ಹೊಸಕೋಟೆಯ ಸುತ್ತಮುತ್ತ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಯೂ ಅಮೆರಿಕದ ಸಂತಾನವೇ. ಇಸಾಬೆಲ್ಲಾ ಎಂಬ ತಳಿಯ ನೆಂಟ ಎನ್ನುತ್ತಾರೆ. ಆ ಇಸಾಬೆಲ್ಲಾದ ವೈನ್ ಮಾರುವುದನ್ನು ಫ್ರಾನ್ಸ್ 1930ರ ದಶಕದಲ್ಲಿ ಕಾನೂನು ಮಾಡಿ ನಿಲ್ಲಿಸಿತು. ನಮ್ಮಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ!

ಫಿಲಾಕ್ಸೆರಾದ ನಂತರ ಏನನ್ನು ನೆಡಬೇಕು ಎಂಬ ಪ್ರಶ್ನೆ ಬಂತು. ಲಾ ನೆರ್ತ್ ಎಂಬ ದೊಡ್ಡ ತೋಟದ ಯಜಮಾನ, ಸೈನ್ಯದಲ್ಲಿದ್ದ ಜೋಸೆಫ್ ದ್ಯುಕೋ ಎಂಬಾತ ಇದನ್ನು ಅಡಿಗೆಯ ಹಾಗೆ ಯೋಚಿಸಿದ. ಹತ್ತು ಜಾತಿಯ ದ್ರಾಕ್ಷಿ ಆರಿಸಿ ಒಂದೊಂದಕ್ಕೂ ಒಂದು ಕೆಲಸ ಕೊಟ್ಟ. ಗ್ರೆನಾಶ್ ಮತ್ತು ಸ್ಯಾಂಸೋ ಕಾವಿಗೆ, ಮೃದುತ್ವಕ್ಕೆ. ಸಿರಾ, ಮೂರ್ವೆದ್ರ್, ಮುಸ್ಕಾರ್ದಾನ್‌ನಂಥವು ಬಣ್ಣಕ್ಕೆ, ಬಾಳಿಕೆಗೆ. ಕೂನ್ವಾಜ್, ಪಿಕ್‌ಪೂಲ್ ತಾಜಾತನಕ್ಕೆ, ಪರಿಮಳಕ್ಕೆ. ಕ್ಲೆರೆತ್‌ನಂಥ ಬಿಳಿ ದ್ರಾಕ್ಷಿ ನಯಕ್ಕೆ. ನಮ್ಮ ಹುಳಿಪುಡಿಗೆ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ದಪ್ಪಕ್ಕೆ ಕೊತ್ತಂಬರಿ, ಮೇಲಿಷ್ಟು ಮೆಂತೆ ಎಂದು ಲೆಕ್ಕ ಹಾಕುವುದಿಲ್ಲವೇ? ಬರ್ಗಂಡಿಯಲ್ಲಿ ಕೆಂಪು ವೈನಿಗೆ ಒಂದೇ ದ್ರಾಕ್ಷಿ, ಇಲ್ಲಿ ಹದಿಮೂರು ಎಂದು ಹೆಸರಾದದ್ದು ಇದೇ ದಾರಿಯಿಂದ. (ಬಣ್ಣದ ಭೇದಗಳನ್ನೂ ಬೇರೆ ಬೇರೆ ಎಣಿಸಿ ಈಗಿನ ನಿಯಮದಲ್ಲಿ 18 ಎಂದಿದೆ.)

ಆದರೆ ಇಷ್ಟೆಲ್ಲ ಮಾಡಿದ ವೈನ್ ಹೋಗುತ್ತಿದ್ದದ್ದು ಎಲ್ಲಿಗೆ? ಮೊದಲನೆಯ ಮಹಾಯುದ್ಧದವರೆಗೆ ಬಹುಪಾಲು ಪೀಪಾಯಿಗಳಲ್ಲಿ ಉತ್ತರಕ್ಕೆ, ಬರ್ಗಂಡಿಗೆ. ಅಲ್ಲಿ ಬಿಸಿಲು ಕಡಿಮೆಯಾಗಿ ಸಪ್ಪೆಯಾದ ವೈನಿಗೆ ಇದನ್ನು ಬೆರೆಸಿ ಗಟ್ಟಿ ಮಾಡುತ್ತಿದ್ದರು. ವ್ಯಾಪಾರದಲ್ಲಿ ಇದಕ್ಕೆ ‘ಮದ್ದಿನ ವೈನ್’ ಎಂದೇ ಹೆಸರು. ಶ್ರಮ ಇಲ್ಲಿಯದು, ಲೇಬಲ್ ಅಲ್ಲಿಯದು. ಹೀಗೆ ಒಂದು ಕಡೆ ಊರಿನ ವೈನ್ ಹೆಸರಿಲ್ಲದೆ ಮಾರಾಟವಾಗುತ್ತಿತ್ತು. ಇನ್ನೊಂದು ಕಡೆ, ಹೆಸರಿಗೆ ಸ್ವಲ್ಪ ಬೆಲೆ ಬರುತ್ತಿದ್ದಂತೆ, ಎಲ್ಲೆಲ್ಲಿಯದೋ ನೀರುಪಾರು ವೈನ್ ‘ಪೋಪರ’ ಹೆಸರು ಹಚ್ಚಿಕೊಂಡು ಪೇಟೆಗೆ ಬರತೊಡಗಿತು. ಮಾಟುಂಗದ ಮಾರ್ಕೆಟಿನಲ್ಲಿ ನಾನೊಮ್ಮೆ ಎರಡು ಪಟ್ಟು ದುಡ್ಡು ಕೊಟ್ಟು ತಂದ ‘ಮಟ್ಟು ಗುಳ್ಳ’ ಹುಳಿಯಲ್ಲಿ ಬೆಂದು ಕಹಿಯಾದಾಗ ನನ್ನ ಹೆಂಡತಿ ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಆ ರೈತರ ಸಿಟ್ಟು ಅದರ ಹತ್ತು ಪಾಲು ಎಂದುಕೊಳ್ಳಿ.

1923ರಲ್ಲಿ ಕೆಲವು ಬೆಳೆಗಾರರು ಫೋರ್ತಿಯಾ ಎಂಬ ತೋಟದ ಯಜಮಾನನ ಹತ್ತಿರ ಹೋದರು. ಬ್ಯಾರನ್ ಪಿಯೇರ್ ಲ ರುವಾ. ಕಾನೂನು ಓದಿದವನು, ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದವನು. ಆತ ಈ ಊರಿನವನಲ್ಲ. ಫೋರ್ತಿಯಾ ತೋಟದ ಹುಡುಗಿಯನ್ನು ಮದುವೆಯಾಗಿ ಬಂದು ನೆಲೆಸಿದವನು, ನಮ್ಮ ಮಾತಿನಲ್ಲಿ ಹೇಳುವುದಾದರೆ ಮನೆಅಳಿಯ. ನಮ್ಮ ಹೆಸರು ಉಳಿಸಿಕೊಡಿ ಎಂದು ಊರಿನವರು ಕೇಳಿಕೊಂಡದ್ದು ಈ ಹೊರಗಿನವನನ್ನು. ಆತ ಒಂದು ಷರತ್ತು ಹಾಕಿದ. ಬೇರೆಯವರ ಮೋಸ ಹಿಡಿಯುವ ಮೊದಲು ನೀವು ಪ್ರಾಮಾಣಿಕರಾಗಿರಬೇಕು, ಶಿಸ್ತು ಮೊದಲು ನಮ್ಮ ಮೇಲೆಯೇ ಬೀಳಬೇಕು. ಇದು ಸಣ್ಣ ಮಾತಲ್ಲ. ಕಳ್ಳರನ್ನು ಹಿಡಿಯಲು ವಕೀಲರನ್ನು ಹುಡುಕಿಕೊಂಡು ಹೋದವರಿಗೆ ಆತ ಕನ್ನಡಿ ಹಿಡಿದ. ಅವರು ಒಪ್ಪಿದರು. ನನ್ನ ಮಟ್ಟಿಗೆ ಈ ಊರಿನ ಇತಿಹಾಸದ ದೊಡ್ಡ ಗಳಿಗೆ ಪೋಪ್ ಕೋಟೆ ಕಟ್ಟಿಸಿದ್ದಲ್ಲ, ಇದು.

ಆಗ ಬರೆದ ಷರತ್ತುಗಳಲ್ಲಿ ಗಡಿಯದು ನನಗೆ ಬಹಳ ಇಷ್ಟ. ಊರಿನ ವೈನ್ ಎನ್ನಿಸಿಕೊಳ್ಳಲು ಯಾವ ಜಮೀನು ಯೋಗ್ಯ? ಸರ್ವೆ ನಂಬರಲ್ಲ, ಹಳೆಯ ಪತ್ರವಲ್ಲ. ಎಲ್ಲಿ ಕಾಡು ಥೈಮ್ ಮತ್ತು ಲ್ಯಾವೆಂಡರ್ ಎರಡೂ ತಾವಾಗಿಯೇ ಬೆಳೆಯುತ್ತವೆಯೋ ಅಲ್ಲಿ. ಈ ಎರಡು ಗಿಡಗಳು ಬರುವುದು ಬೇರೇನೂ ಬಾರದ ಒಣ ಬಡ ನೆಲದಲ್ಲಿ. ಕಪ್ಪು ಮಣ್ಣಿನ, ನೀರು ನಿಲ್ಲುವ ಫಲವತ್ತು ಹೊಲ ಇದ್ದವನು ಹೊರಗೆ, ಕಲ್ಲು ಹೊಲದವನು ಒಳಗೆ! ಜೊತೆಗೆ ಇಂಥ ಜಾತಿಯ ದ್ರಾಕ್ಷಿಯೇ ಆಗಬೇಕು, ಹೀಗೆಯೇ ಕತ್ತರಿಸಬೇಕು, ಕೊಯ್ಲಿನಲ್ಲಿ ಕೆಟ್ಟ ಹಣ್ಣು ಆರಿಸಿ ಎಸೆಯಲೇಬೇಕು, ಮದ್ಯಾಂಶ ಕನಿಷ್ಠ ಇಷ್ಟಿರಬೇಕು, ಗುಲಾಬಿ ಬಣ್ಣದ ವೈನ್ ಮಾಡಕೂಡದು. ಕನಿಷ್ಠ ಮದ್ಯಾಂಶ 12.5 ಎಂದು ನಿಂತಿತು. ಈಗಿನ ಲೆಕ್ಕದಲ್ಲಿ ಹೆಕ್ಟೇರಿಗೆ ಸುಮಾರು 3,500 ಲೀಟರಿಗಿಂತ ಹೆಚ್ಚು ತೆಗೆಯುವಂತಿಲ್ಲ, ಕೊಯ್ಲು ಕೈಯಲ್ಲೇ ಆಗಬೇಕು. ಜಾಸ್ತಿ ಬೆಳೆದವನಿಗೆ ಬಹುಮಾನ ಕೊಡುವ ಲೋಕದಲ್ಲಿ, ಕಡಿಮೆ ಬೆಳೆಯುತ್ತೇವೆ ಎಂದು ತಾವಾಗಿ ಬರೆದುಕೊಟ್ಟ ರೈತರು ಇವರು.

1919ರ ಒಂದು ಕಾನೂನಿನ ಪ್ರಕಾರ ಇಂಥ ಹೆಸರುಗಳ ಗಡಿಯನ್ನು ನ್ಯಾಯಾಲಯ ನಿರ್ಧರಿಸಬಹುದಿತ್ತು. ಒರಾಂಜ್ ಪಟ್ಟಣದ ಕೋರ್ಟಿಗೆ ದಾವೆ ಹೋಯಿತು. ಕೋರ್ಟು ನೇಮಿಸಿದ ತಜ್ಞರು ನೆಲ ನೋಡುತ್ತಾ ಹೊಲ ಹೊಲ ಅಲೆದರು. ಗಡಿಯ ಹೊರಗೆ ಉಳಿಯುವವರು ಸುಮ್ಮನಿರುತ್ತಾರೆಯೇ? ದಾವೆ ಮೇಲಿನ ಕೋರ್ಟುಗಳಿಗೆ ಏರುತ್ತಾ ಹೋಗಿ 1933ರಲ್ಲಿ ಅತ್ಯುನ್ನತ ನ್ಯಾಯಾಲಯದಲ್ಲಿ ಮುಗಿಯಿತು. ಹತ್ತು ವರ್ಷ! ಎಲ್ಲಿ ಗೆರೆ ಎಳೆದರೂ ಯಾರಿಗೋ ಅನ್ಯಾಯ ಆಗಿಯೇ ಆಗುತ್ತದೆ ಎಂದು ನನಗೆ ಅನ್ನಿಸುತ್ತದೆ. ರಸ್ತೆಯ ಈ ಬದಿಯ ಬಾಟಲಿಗೂ ಆ ಬದಿಯ ಬಾಟಲಿಗೂ ಬೆಲೆಯಲ್ಲಿ ಅಜಗಜಾಂತರ. ಆ ಬದಿಯ ಮನೆಯ ಮಕ್ಕಳು ಈ ಕಥೆಯನ್ನು ಬೇರೆ ಥರ ಹೇಳುತ್ತಿರಬಹುದು.

ಮುಂದಿನದನ್ನು ಬೇಗ ಹೇಳುತ್ತೇನೆ. ಲ ರುವಾ ಮತ್ತು ಸೆನೆಟರ್ ಜೋಸೆಫ್ ಕಾಪ್ಯು ಸೇರಿ ಇದೇ ಮಾದರಿಯನ್ನು ದೇಶಕ್ಕೆಲ್ಲ ತಂದರು. 1935ರಲ್ಲಿ ಕಾನೂನು ಬಂತು, 1936ರ ಮೇ ತಿಂಗಳಲ್ಲಿ ‘ನಿಯಂತ್ರಿತ ಮೂಲನಾಮ’ದ ಮಾನ್ಯತೆ ಪಡೆದ ಮೊದಲ ತಂಡದಲ್ಲಿ ಈ ಊರು ಇತ್ತು. 1937ರಿಂದ ಗಾಜಿನ ಮೇಲೆಯೇ ಪೋಪರ ಕಿರೀಟ, ಬೀಗದ ಕೈ ಉಬ್ಬಿಸಿದ ಬಾಟಲಿ ಬಂತು. ಷಾಂಪೇನ್, ರೋಕ್‌ಫೋರ್ ಚೀಸ್‌ಗಳ ಕಥೆಗೂ, ನಮ್ಮ 1999ರ ಭೌಗೋಳಿಕ ಸೂಚಿಕೆಯ ಕಾನೂನಿಗೂ, ಅದರ ಅಡಿ ಬಂದ ಡಾರ್ಜಿಲಿಂಗ್ ಚಹಾ, ನಂಜನಗೂಡಿನ ರಸಬಾಳೆ, ಬ್ಯಾಡಗಿ ಮೆಣಸು, ಮಟ್ಟು ಗುಳ್ಳಗಳ ಪಟ್ಟಿಗೂ ಹಿಂದೆ ಇರುವ ಯೋಚನೆ ಇದೇ. ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ಪ್ರಮಾಣಪತ್ರ ಬಂದ ದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ನಂತರ ಯಾರು ಏನನ್ನು ಬ್ಯಾಡಗಿ ಎಂದು ಮಾರುತ್ತಾರೆ ಎಂದು ನೋಡುವವರು ಕಡಿಮೆ. ಅಲ್ಲಿಯೂ ಎಲ್ಲ ಸತ್ಯಹರಿಶ್ಚಂದ್ರರೇ ಎಂದಲ್ಲ. 2018ರಲ್ಲಿ ಫ್ರಾನ್ಸಿನ ಮೋಸತಡೆ ಇಲಾಖೆ ಅಗ್ಗದ ವೈನನ್ನು ಈ ಕಣಿವೆಯ ಹೆಸರಿನಲ್ಲಿ, ಈ ಊರಿನ ಹೆಸರಿನಲ್ಲಿ ಮಾರಿದ ಭಾರಿ ಪ್ರಕರಣವೊಂದನ್ನು ಬಯಲಿಗೆ ತಂದಿತು.

ಹೆಸರನ್ನು ಕಾಯುವ ಅಭ್ಯಾಸ ಈ ಊರಿಗೆ ಎಷ್ಟು ಹತ್ತಿತು ಎಂಬುದಕ್ಕೆ ಒಂದು ನಿಜ ಕಥೆ. 1954ರಲ್ಲಿ ಫ್ರಾನ್ಸಿನಲ್ಲೆಲ್ಲ ಹಾರುವ ತಟ್ಟೆ ಕಂಡೆ ಎನ್ನುವವರ ಸುಗ್ಗಿ. ಆ ಅಕ್ಟೋಬರಿನಲ್ಲಿ ಮೇಯರ್ ಲ್ಯೂಸಿಯಾಂ ಜೇನ್ ಒಂದು ಆದೇಶ ಹೊರಡಿಸಿದ. ಯಾವುದೇ ದೇಶದ ಹಾರುವ ತಟ್ಟೆಯಾಗಲಿ ಹಾರುವ ಚುರುಟಾಗಲಿ ಊರಿನ ಮೇಲೆ ಹಾರುವುದು, ಇಳಿಯುವುದು, ಏರುವುದು ನಿಷಿದ್ಧ. ಇಳಿದರೆ ಜಪ್ತಿ! ಜಾರಿಗೆ ತರುವ ಜವಾಬ್ದಾರಿ ಊರಿನ ಕಾವಲುಗಾರನದು. ಪ್ರಚಾರಕ್ಕಾಗಿ ಮಾಡಿದ್ದೆಂದು ಮುಂದೆ ಅವನ ಮಗನೇ ಹೇಳಿದ. 2016ರಲ್ಲಿ ಆಗಿನ ಮೇಯರ್ ಈ ಆದೇಶ ರದ್ದು ಮಾಡುವುದಿಲ್ಲ ಎಂದರು. ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಗ್ರಾಮ್ ಎಂಬಾತ ಇದೇ ಜಾತಿಯ ದ್ರಾಕ್ಷಿಗಳಿಂದ ಮಾಡಿದ ವೈನಿಗೆ ‘ಹಾರುವ ಚುರುಟು’ ಎಂದೇ ಫ್ರೆಂಚಿನಲ್ಲಿ ಹೆಸರಿಟ್ಟ. ದ್ರಾಕ್ಷಿ ಯಾರೂ ನೆಡಬಹುದು, ಊರಿನ ಹೆಸರು ಹಾಕುವಂತಿಲ್ಲವಲ್ಲ!

ಪೋಪರ ಕೋಟೆಯನ್ನೂ ಹತ್ತಿ ನೋಡಿದೆವು. ಉಳಿದಿರುವುದು ಗೋಪುರದ ಅರ್ಧ. ಧರ್ಮಯುದ್ಧಗಳಲ್ಲಿ ಸುಟ್ಟು, ಕ್ರಾಂತಿಯ ನಂತರ ಊರಿನವರೇ ಕಲ್ಲು ಕಿತ್ತು ಮನೆಗೆ ಬಳಸಿ, ಉಳಿದಿದ್ದ ಗೋಪುರಕ್ಕೆ 1944ರ ಆಗಸ್ಟಿನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ಡೈನಮೈಟ್ ಇಟ್ಟರು. ಒಂದು ಪಾರ್ಶ್ವ ಹಾರಿಹೋಯಿತು, ಇನ್ನೊಂದು ನಿಂತಿತು. ಅಲ್ಲಿಂದ ನೋಡಿದರೆ ಕೆಳಗೆ ರೋನ್ ನದಿ, ದೂರದಲ್ಲಿ ಅವಿನ್ಯೋನ್.

ಇಳಿದು ಬರುವಾಗ ಮಗಳು ಒಂದು ಸಣ್ಣ ತೋಟದವರ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ನಡೆಸುತ್ತಿದ್ದವರು ಅರವತ್ತರ ಆಸುಪಾಸಿನ ಹೆಂಗಸು. ನಾನು ಗ್ಲಾಸು ಮೂಸಿ ಮಾತ್ರ ನೋಡಿದೆ. ಒಣದ್ರಾಕ್ಷಿ, ಕಾಳುಮೆಣಸು, ಬಿಸಿಲಿಗೆ ಕಾದ ಕಾಡುಗಿಡದ ವಾಸನೆ ಅನ್ನಿಸಿತು. ಕುಡಿಯದವನ ಮೂಗಿಗೆ ಬೆಲೆ ಎಷ್ಟೋ ಬಿಡಿ. ಬಾಟಲಿಯ ಮೇಲೆ ಮದ್ಯಾಂಶ 15 ಎಂದಿತ್ತು. ನಿಯಮದ 12.5ಕ್ಕೆ ಹಿಂದೆ ಕಷ್ಟಪಡಬೇಕಿತ್ತಂತೆ. ಈಗ ಬೇಸಗೆ ಎಷ್ಟು ಕಾಯುತ್ತದೆ ಎಂದರೆ ಕಡಿಮೆ ಮಾಡುವುದೇ ಕಷ್ಟ ಎಂದರು. ಗ್ರೆನಾಶ್‌ಗೆ ಸಕ್ಕರೆ ಬೇಗ ಏರುತ್ತದೆ, ಗುಂಡುಕಲ್ಲಿನ ಶಾಖ ಈಗ ವರವಲ್ಲ. ಅದಕ್ಕಾಗಿ ಅಲ್ಲಿಯ ಹಲವರು ದ್ಯುಕೋನ ಪಟ್ಟಿಯಲ್ಲಿದ್ದು ಮೂಲೆಗುಂಪಾಗಿದ್ದ ಕೂನ್ವಾಜ್, ಪಿಕ್‌ಪೂಲ್‌ಗಳನ್ನು ಮತ್ತೆ ನೆಡುತ್ತಿದ್ದಾರೆ, ಅವುಗಳಲ್ಲಿ ಮದ್ಯ ಕಡಿಮೆ, ಹುಳಿ ಹೆಚ್ಚು. ಆಕೆಯ ಮಾವ ‘ಏನೂ ಪ್ರಯೋಜನವಿಲ್ಲ’ ಎಂದು ಕಿತ್ತು ಹಾಕಿದ್ದ ಸಾಲಿನಲ್ಲೇ ಆಕೆ ಕೂನ್ವಾಜ್ ನೆಟ್ಟಿದ್ದರು. ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿಯೇ.

ಹೊರಡುವಾಗ ಆಕೆ ನೀವು ಎಲ್ಲಿಯವರು ಎಂದು ಕೇಳಿದರು. ಮಗಳು ಮುಂಬಯಿ ಎಂದಳು, ಅದೇ ಹೊತ್ತಿಗೆ ನಾನು ಉಡುಪಿ ಎಂದೆ. ಆಕೆ ಇಬ್ಬರ ಮುಖವನ್ನೂ ನೋಡಿ ನಕ್ಕು, ಅಲ್ಲಿ ಏನು ಬೆಳೆಯುತ್ತದೆ ಎಂದು ನನ್ನನ್ನೇ ಕೇಳಿದರು. ಸಮುದ್ರದ ಪಕ್ಕದ ಒಂದೇ ಊರಿನಲ್ಲಿ ಬೆಳೆಯುವ, ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂದು ಹೇಳುವ, ಗುಂಡಗೆ ಹಸಿರಾದ ಒಂದು ಬದನೆಕಾಯಿಯನ್ನು ಫ್ರೆಂಚಿನಲ್ಲಿ ವಿವರಿಸುವುದಕ್ಕೆ ಮಗಳಿಗೆ ಹತ್ತು ನಿಮಿಷ ಹಿಡಿಯಿತು. ಆಕೆ ಕೇಳಿದ ಮೊದಲ ಪ್ರಶ್ನೆ, ಅಲ್ಲಿಯ ಮಣ್ಣು ಎಂಥದು ಎಂದು.